ಮೀಟರ್ ತೋರಿಸುವ ಅಂಕಿ ಏನು ಹೇಳುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ವಿದ್ಯುತ್ ಸಂಪರ್ಕದಲ್ಲಿ ಮಲ್ಟಿಮೀಟರ್ ಅಥವಾ ಕ್ಲ್ಯಾಂಪ್ ಮೀಟರ್ (ತಂತಿಯನ್ನು ದವಡೆಯೊಳಗೆ ಹಿಡಿದು ಕರೆಂಟ್ ಅಳೆಯುವ ಸಾಧನ) ಹಿಡಿದು ಅಳತೆ ಮಾಡಿದ ಓದುಗರ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನ ಪತ್ರಗಳಲ್ಲಿ ಒಂದೇ ಒಂದು ಅಂಕಿ ಇರುತ್ತದೆ, ಅದು ಸರಿಯೋ ತಪ್ಪೋ ಎಂಬ ಪ್ರಶ್ನೆ ಇರುತ್ತದೆ. ಯಾವ ಎರಡು ಬಿಂದುಗಳ ನಡುವೆ, ಯಾವ ಉಪಕರಣ ಓಡುತ್ತಿದ್ದಾಗ, ಎಂಥ ಮೀಟರಿನಿಂದ ಪಡೆದ ಅಂಕಿ ಎಂಬುದು ಗೊತ್ತಾಗದೆ ಅದಕ್ಕೆ ಉತ್ತರ ಹೇಳಲಾಗದು. ಆದ್ದರಿಂದ ಈ ವಿವರಗಳನ್ನು ಬರೆದಿದ್ದ ಪತ್ರಗಳನ್ನೇ ಆಯ್ದುಕೊಂಡಿದ್ದೇನೆ. ಉದಾಹರಣೆಗಳೆಲ್ಲ 230 ವೋಲ್ಟ್, 50 ಹರ್ಟ್ಸ್ ವ್ಯವಸ್ಥೆಗೆ ಸೇರಿದವು. 120 ವೋಲ್ಟ್ ಬಳಸುವ ಕಡೆಗಳಲ್ಲಿ ಅಂಕಿಗಳು ಬೇರೆಯಾಗುತ್ತವೆ, ತರ್ಕ ಇದೇ ಆಗಿರುತ್ತದೆ.

ಪ್ರಶ್ನೆ: ಹೊಸ ಡಿಜಿಟಲ್ ಮಲ್ಟಿಮೀಟರಿನಿಂದ ಒಂದೇ ಪ್ಲಗ್ ಪಾಯಿಂಟನ್ನು ಬೇರೆ ಬೇರೆ ಹೊತ್ತಿನಲ್ಲಿ ಅಳೆದೆ. ಬೆಳಗಿನ ಜಾವ 241, ಮಧ್ಯಾಹ್ನ 234, ಸಂಜೆ 219 ವೋಲ್ಟ್ ಬಂತು; 230 ಬರಲೇ ಇಲ್ಲ. ಸ್ನೇಹಿತರ ಮೀಟರ್ ಅದೇ ಹೊತ್ತಿನಲ್ಲಿ 2 ವೋಲ್ಟ್ ಹೆಚ್ಚು ತೋರಿಸುತ್ತದೆ. ಮೀಟರ್ ಕೆಟ್ಟಿದೆಯೇ, ಸರಬರಾಜು ಕೆಟ್ಟಿದೆಯೇ?

ಉತ್ತರ: ಎರಡೂ ಕೆಟ್ಟಿಲ್ಲ. 230 ಎಂಬುದು ವ್ಯವಸ್ಥೆಗೆ ಇಟ್ಟ ನಿಗದಿತ ಮೌಲ್ಯವೇ ಹೊರತು ಸದಾ ಕಾಯ್ದುಕೊಳ್ಳುವ ಮೌಲ್ಯವಲ್ಲ. ಅಂತರರಾಷ್ಟ್ರೀಯ ಮಾನಕವು ಅದರ ಮೇಲೆ ಕೆಳಗೆ ಶೇ. 10ರಷ್ಟು ಏರಿಳಿತಕ್ಕೆ ಅವಕಾಶ ಕೊಡುತ್ತದೆ, ಅಂದರೆ 207ರಿಂದ 253 ವೋಲ್ಟ್‌ವರೆಗೆ. ಬೆಳಗಿನ ಜಾವ ಟ್ರಾನ್ಸ್‌ಫಾರ್ಮರ್ ಮೇಲೆ ಹೊರೆ ಕಡಿಮೆ ಇರುವುದರಿಂದ ವೋಲ್ಟೇಜ್ ಏರುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಬಳಸುವಾಗ ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗಿನ ತಂತಿಗಳಲ್ಲೇ ಕೆಲವು ವೋಲ್ಟ್ ಇಳಿದುಹೋಗುತ್ತದೆ. ನಿಮ್ಮ ಮೂರು ಅಂಕಿಗಳೂ ಈ ಮಿತಿಯೊಳಗಿವೆ. ಆದರೂ ಪರಿಣಾಮವೇ ಇಲ್ಲವೆನ್ನುವಂತಿಲ್ಲ: ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬದಲಾಗುವುದರಿಂದ, 219 ವೋಲ್ಟ್‌ನಲ್ಲಿ ಅದು 230 ವೋಲ್ಟ್‌ನಲ್ಲಿ ಕೊಡುವ ಶಾಖಕ್ಕಿಂತ ಸುಮಾರು ಶೇ. 9ರಷ್ಟು ಕಡಿಮೆ ಕೊಡುತ್ತದೆ.

ಎರಡು ಮೀಟರುಗಳ ವ್ಯತ್ಯಾಸಕ್ಕೆ ಉತ್ತರ ಕೈಪಿಡಿಯಲ್ಲೇ ಇರುತ್ತದೆ. ಎಸಿ ವೋಲ್ಟೇಜಿಗೆ ನಿಖರತೆ "ಶೇ. 0.8 ಮತ್ತು 3 ಅಂಕಿ" (ತೋರಿಸಿದ ಮೌಲ್ಯದ ಶೇ. 0.8, ಜೊತೆಗೆ ಪರದೆಯ ಕೊನೆಯ ಸ್ಥಾನದಲ್ಲಿ 3) ಎಂದು ಬರೆದಿದ್ದರೆ, ಪರದೆಯ ಮೇಲೆ 231.4 ಕಂಡಾಗ ನಿಜವಾದ ಮೌಲ್ಯ 229.2ರಿಂದ 233.6ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹಾಗಾಗಿ ಇಂಥ ಎರಡು ಮೀಟರುಗಳು 2 ವೋಲ್ಟ್ ಅಂತರ ತೋರಿಸಿದರೂ ಎರಡೂ ತಮ್ಮ ಮಾತಿಗೆ ತಪ್ಪಿಲ್ಲ. ದಶಮಾಂಶದ ನಂತರದ ಅಂಕಿ ಕುಣಿಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇನ್ನೊಂದು ವಿಷಯ ತಿಳಿದಿರಲಿ: ಮೀಟರ್ ತೋರಿಸುವುದು ಆರ್‌ಎಂಎಸ್ ಮೌಲ್ಯ, ಅಂದರೆ ಅಷ್ಟೇ ಶಾಖ ಉಂಟುಮಾಡಬಲ್ಲ ಡಿಸಿ ವೋಲ್ಟೇಜಿಗೆ ಸಮನಾದ ಮೌಲ್ಯ. ತಂತಿಯಲ್ಲಿ ನಿಜವಾಗಿ ವೋಲ್ಟೇಜ್ ಸೆಕೆಂಡಿಗೆ 100 ಸಲ ಸೊನ್ನೆಯನ್ನು ದಾಟುತ್ತಾ, ಎರಡೂ ದಿಕ್ಕಿನಲ್ಲಿ ಸುಮಾರು 325 ವೋಲ್ಟ್‌ವರೆಗೆ ಏರುತ್ತಿರುತ್ತದೆ. ತಂತಿಯ ಹೊದಿಕೆಯೂ ಮೀಟರಿನ ಪ್ರೋಬ್‌ಗಳೂ ತಡೆದುಕೊಳ್ಳಬೇಕಾದದ್ದು ಈ ತುತ್ತತುದಿಯನ್ನು.

ಪ್ರಶ್ನೆ: ಹೀಟರ್ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ತಿಳಿಯಲು ಕೆಂಪು ತಂತಿಯನ್ನು ಮೀಟರಿನ 10 ಆಂಪಿಯರ್ ರಂಧ್ರಕ್ಕೆ ಹಾಕಿ, ಎರಡೂ ಪ್ರೋಬ್‌ಗಳನ್ನು ಪ್ಲಗ್ ಪಾಯಿಂಟಿಗೆ ಇಟ್ಟೆ. ಕಿಡಿ ಹಾರಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬಿತ್ತು. ಮೀಟರಿನಲ್ಲಿ ಈಗ ವೋಲ್ಟ್ ಬರುತ್ತದೆ, ಆಂಪಿಯರ್ ಬರುವುದಿಲ್ಲ.

ಉತ್ತರ: ದಯವಿಟ್ಟು ಇದನ್ನು ಮತ್ತೆಂದೂ ಮಾಡಬೇಡಿ. ವೋಲ್ಟೇಜ್ ಎರಡು ಬಿಂದುಗಳ ನಡುವಿನದು, ಕರೆಂಟ್ ಒಂದು ತಂತಿಯ ಮೂಲಕ ಹರಿಯುವುದು. ಆಂಪಿಯರ್ ಅಳೆಯುವ ಸ್ಥಿತಿಯಲ್ಲಿ ಮೀಟರಿನ ಒಳಗೆ ಇರುವುದು ಓಮಿನ ಒಂದು ಸಣ್ಣ ಭಾಗದಷ್ಟು ಪ್ರತಿರೋಧ ಮಾತ್ರ. ಅದನ್ನು ಫೇಸ್ (ಕರೆಂಟ್ ತರುವ ತಂತಿ) ಮತ್ತು ನ್ಯೂಟ್ರಲ್ (ಅದು ಹಿಂದಿರುಗುವ ತಂತಿ) ನಡುವೆ ಇಡುವುದು ಎರಡಕ್ಕೂ ದಪ್ಪ ತಂತಿಯೊಂದನ್ನು ಅಡ್ಡ ಹಾಕಿದಂತೆಯೇ. ನಿಮ್ಮ ಮೀಟರಿನ ಒಳಗಿನ ಫ್ಯೂಸ್ ಹೋಗಿದೆ. ಅದೇ ಆಂಪಿಯರ್, ಅದೇ ವೋಲ್ಟೇಜ್ ಮತ್ತು ಅದೇ ಬಗೆಯ ಸೆರಾಮಿಕ್ ಫ್ಯೂಸ್ ಹಾಕಿಸಿ; ಗಾಜಿನ ಫ್ಯೂಸನ್ನಾಗಲಿ ತಂತಿಯ ಎಳೆಯನ್ನಾಗಲಿ ಹಾಕಿದರೆ ಮುಂದಿನ ಸಲ ಮೀಟರ್ ಕೈಯಲ್ಲೇ ಸಿಡಿಯಬಹುದು. ಪ್ಲಗ್ ಪಾಯಿಂಟಿಗೆ ಕನಿಷ್ಠ ಕ್ಯಾಟ್-2, ಮುಖ್ಯ ಬೋರ್ಡಿಗೆ ಕ್ಯಾಟ್-3 ಸುರಕ್ಷತಾ ದರ್ಜೆಯ ಮೀಟರ್ ಮತ್ತು ಪ್ರೋಬ್ ಬೇಕು. ಮನೆಯಲ್ಲಿ ಆಂಪಿಯರ್ ಅಳೆಯುವುದಕ್ಕೆ ಕ್ಲ್ಯಾಂಪ್ ಮೀಟರನ್ನೇ ಬಳಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: 2,000 ವಾಟ್‌ನ ಗೀಸರ್ ಆನ್ ಮಾಡಿದ ತಕ್ಷಣ, ಅದೇ ಸ್ವಿಚ್ ಬೋರ್ಡ್‌ನಲ್ಲಿರುವ ಪಕ್ಕದ ಪ್ಲಗ್ ಪಾಯಿಂಟಿನಲ್ಲಿ ವೋಲ್ಟೇಜ್ 231ರಿಂದ 217ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮುಖ್ಯ ಬೋರ್ಡ್‌ನಲ್ಲಿ 231ರಿಂದ 228ಕ್ಕೆ ಮಾತ್ರ ಇಳಿಯುತ್ತದೆ. ಆ ಪ್ಲಗ್ ಪಾಯಿಂಟಿನ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ 0.6 ವೋಲ್ಟ್ ಇದ್ದದ್ದು ಗೀಸರ್ ಓಡುವಾಗ 11.6 ಆಗುತ್ತದೆ. ಮುಖ್ಯ ಬೋರ್ಡಿನಿಂದ ಅಲ್ಲಿಗೆ 1.5 ಚದರ ಮಿ.ಮೀ. ತಾಮ್ರದ ತಂತಿ ಸುಮಾರು 15 ಮೀಟರ್ ಹೋಗಿದೆ. ಸರಬರಾಜಿನವರಿಗೆ ದೂರು ಕೊಡಬೇಕೇ?

ಉತ್ತರ: ಬೇಡ. ತೊಂದರೆ ಇರುವುದು ನಿಮ್ಮ ಮನೆಯ ಒಳಗೆ, ನ್ಯೂಟ್ರಲ್ ತಂತಿಯ ದಾರಿಯಲ್ಲಿ. ಅದನ್ನು ಸರಿಪಡಿಸುವವರೆಗೆ ಆ ಗೀಸರನ್ನು ಬಳಸಬೇಡಿ. ಹೊರೆ ಇಲ್ಲದಾಗಿನ ಮತ್ತು ಇರುವಾಗಿನ ಅಂಕಿಗಳನ್ನು ಎರಡು ಜಾಗಗಳಿಂದ ತೆಗೆದುಕೊಟ್ಟಿರುವುದರಿಂದಲೇ ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿದೆ. ಇಂಥ ಪತ್ರ ಅಪರೂಪ, ಆದ್ದರಿಂದ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ ಬರೆಯುತ್ತೇನೆ.

ಮೊದಲು ಕರೆಂಟ್. 230 ವೋಲ್ಟ್‌ಗೆ 2,000 ವಾಟ್ ಎಂದರೆ ಗೀಸರಿನ ಕಾಯಿಲ್‌ನ ಪ್ರತಿರೋಧ ಸುಮಾರು 26.5 ಓಮ್. 217 ವೋಲ್ಟ್‌ನಲ್ಲಿ ಅದು ಎಳೆಯುವುದು 8.2 ಆಂಪಿಯರ್. ಈ 8.2 ಆಂಪಿಯರ್ ಟ್ರಾನ್ಸ್‌ಫಾರ್ಮರಿನಿಂದ ಫೇಸ್ ತಂತಿಯಲ್ಲಿ ಬಂದು, ಕಾಯಿಲ್ ದಾಟಿ, ನ್ಯೂಟ್ರಲ್‌ನಲ್ಲಿ ಹಿಂದಿರುಗುವ ದಾರಿಯಲ್ಲಿ ಎಲ್ಲೆಲ್ಲಿ ಪ್ರತಿರೋಧವಿದೆಯೋ ಅಲ್ಲೆಲ್ಲ ಒಂದಿಷ್ಟು ವೋಲ್ಟೇಜನ್ನು ಬಿಟ್ಟುಕೊಡುತ್ತಾ ಹೋಗುತ್ತದೆ. ಒಟ್ಟು ಇಳಿದದ್ದು 14 ವೋಲ್ಟ್. ಅದರಲ್ಲಿ ಮುಖ್ಯ ಬೋರ್ಡ್‌ಗೆ ಬರುವ ಮೊದಲೇ ಇಳಿದದ್ದು 3 ವೋಲ್ಟ್. ಇಷ್ಟು ಇಳಿಯುವುದು ಅಸಹಜವಲ್ಲ, ಸರಬರಾಜಿನವರ ಪಾಲು ಅಲ್ಲಿಗೆ ಮುಗಿಯಿತು. ಉಳಿದ 11 ವೋಲ್ಟ್ ಮುಖ್ಯ ಬೋರ್ಡಿಗೂ ಸ್ವಿಚ್ ಬೋರ್ಡಿಗೂ ನಡುವೆ ಕಳೆದುಹೋಗಿದೆ.

ಈಗ ತಂತಿಗೆ ನ್ಯಾಯವಾಗಿ ಸಲ್ಲಬೇಕಾದ ಪಾಲನ್ನು ಕಳೆಯೋಣ. 1.5 ಚದರ ಮಿ.ಮೀ. ತಾಮ್ರದ ತಂತಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ ಹೆಚ್ಚೆಂದರೆ 0.0121 ಓಮ್ ಪ್ರತಿರೋಧ. 15 ಮೀಟರಿಗೆ 0.18 ಓಮ್, ಅಂದರೆ 8.2 ಆಂಪಿಯರ್ ಹರಿಯುವಾಗ ಒಂದು ತಂತಿಯಲ್ಲಿ ಸುಮಾರು 1.5 ವೋಲ್ಟ್, ಹೋಗುವ ಮತ್ತು ಬರುವ ಎರಡೂ ತಂತಿ ಸೇರಿ 3 ವೋಲ್ಟ್. ಹನ್ನೊಂದರಲ್ಲಿ ಮೂರು ಕಳೆದರೆ 8 ವೋಲ್ಟ್‌ಗೆ ತಂತಿಯ ಉದ್ದ ಕಾರಣವಲ್ಲ.

ಆ 8 ವೋಲ್ಟ್ ಫೇಸ್ ಕಡೆಯದೋ ನ್ಯೂಟ್ರಲ್ ಕಡೆಯದೋ ಎಂಬುದನ್ನು ನಿಮ್ಮ ಮೂರನೆಯ ಅಳತೆ ತಿಳಿಸುತ್ತದೆ, ನನ್ನ ದೃಷ್ಟಿಯಲ್ಲಿ ಅದೇ ಈ ಪತ್ರದ ಅತ್ಯಂತ ಬೆಲೆಯುಳ್ಳ ಅಂಕಿ. ಸರಿಯಾಗಿರುವ ಮನೆಯಲ್ಲಿ ಅರ್ಥಿಂಗ್ ತಂತಿಯಲ್ಲಿ ಹೇಳಿಕೊಳ್ಳುವಷ್ಟು ಕರೆಂಟ್ ಹರಿಯುವುದಿಲ್ಲ, ಆದ್ದರಿಂದ ಅದರ ಉದ್ದಕ್ಕೂ ವೋಲ್ಟೇಜ್ ಇಳಿಯುವುದೂ ಇಲ್ಲ. ಹೀಗಾಗಿ ಪ್ಲಗ್ ಪಾಯಿಂಟಿನಲ್ಲಿ ನಿಂತು, ನ್ಯೂಟ್ರಲ್ ತನ್ನ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಕೊಂಡಿದೆ ಎಂಬುದನ್ನು ಅರ್ಥಿಂಗ್‌ಗೆ ಹೋಲಿಸಿ ನೋಡಬಹುದು. ನಿಮ್ಮಲ್ಲಿ ಅದು 11 ವೋಲ್ಟ್ ಏರಿದೆ. ಸರಬರಾಜಿನ ಕಡೆ ಇಳಿದ 3 ವೋಲ್ಟ್ ಪೂರ್ತಿಯಾಗಿ ನ್ಯೂಟ್ರಲ್‌ನದೇ ಎಂದು ಲೆಕ್ಕ ಹಿಡಿದರೂ, ಕನಿಷ್ಠ 8 ವೋಲ್ಟ್ ಮನೆಯೊಳಗಿನ ನ್ಯೂಟ್ರಲ್‌ನಲ್ಲೇ ಬಿದ್ದಿದೆ. ಅದರಲ್ಲಿ ತಂತಿಯ ಪಾಲು ಒಂದೂವರೆ ವೋಲ್ಟ್ ಮಾತ್ರ. ಉಳಿದದ್ದು ಎಲ್ಲೋ ಒಂದು ಜೋಡಣೆಯಲ್ಲಿ, ಅಂದರೆ ಲೂಸ್ ಕಾಂಟ್ಯಾಕ್ಟ್‌ನಲ್ಲಿ ಇಳಿಯುತ್ತಿದೆ. ಅಳತೆ ತೆಗೆದದ್ದು ಪಕ್ಕದ ಪ್ಲಗ್ ಪಾಯಿಂಟಿನಲ್ಲಿ ಆದ್ದರಿಂದ ಗೀಸರಿನ ಪ್ಲಗ್ ಮತ್ತು ಅದರ ವೈರ್ ಸಂಶಯದಿಂದ ಹೊರಗುಳಿದವು.

ಆ ಜೋಡಣೆಯಲ್ಲಿ ಇಳಿಯುವ ಕನಿಷ್ಠ ಆರೂವರೆ ವೋಲ್ಟನ್ನು 8.2 ಆಂಪಿಯರಿನಿಂದ ಗುಣಿಸಿದರೆ 50 ವಾಟ್ ದಾಟುತ್ತದೆ. ಒಂದು ಸ್ಕ್ರೂವಿನ ಅಡಿಯಲ್ಲಿ, ಅಥವಾ ತಿರುಚಿ ಟೇಪು ಸುತ್ತಿದ ಒಂದು ಗಂಟಿನಲ್ಲಿ, ಈ ಶಾಖವೆಲ್ಲ ಹುಟ್ಟುತ್ತಿದೆ. 25 ವಾಟ್‌ನ ಬೆಸುಗೆ ಕಡ್ಡಿ ತವರದ ಬೆಸುಗೆಯನ್ನು ಕರಗಿಸಬಲ್ಲದು. ಇಲ್ಲಿ ಅದರ ಎರಡರಷ್ಟು ಶಾಖ, 70 ಡಿಗ್ರಿಯವರೆಗೆ ಮಾತ್ರ ತಾಳಬಲ್ಲ ಪಿವಿಸಿ ಹೊದಿಕೆಯ ಪಕ್ಕದಲ್ಲಿದೆ. ಬಿಸಿಯಾದಷ್ಟೂ ತಾಮ್ರದ ಮೇಲ್ಮೈ ಆಕ್ಸೈಡ್ ಆಗಿ ಪ್ರತಿರೋಧ ಏರುತ್ತದೆ, ಪ್ರತಿರೋಧ ಏರಿದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ. ಇದನ್ನು ಎಂಸಿಬಿ ತಡೆಯುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ, ಸ್ವಲ್ಪ ಕಡಿಮೆಯೇ ಆಗಿದೆ. ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿಯೂ ತಡೆಯುವುದಿಲ್ಲ, ಏಕೆಂದರೆ ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿಯಾಗಿ ನ್ಯೂಟ್ರಲ್‌ನಲ್ಲಿ ಹಿಂದಿರುಗುತ್ತಿದೆ. ಮನೆಯಲ್ಲಿರುವ ಯಾವ ರಕ್ಷಣಾ ಸಾಧನಕ್ಕೂ ಕಾಣದ ಈ ದೋಷ ನಿಮ್ಮ ಮೀಟರಿಗೆ ಕಂಡಿದೆ. ಹೊರೆ ಇಲ್ಲದಾಗ ಮಾತ್ರ ಅಳೆದಿದ್ದರೆ 231 ವೋಲ್ಟ್ ನೋಡಿ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಿದ್ದಿರಿ.

ಎಲೆಕ್ಟ್ರಿಷಿಯನ್ ಬಂದಾಗ ಈ ಅಂಕಿಗಳನ್ನು ಬರೆದು ಕೊಡಿ. ಮುಖ್ಯ ಸ್ವಿಚ್ ಆಫ್ ಮಾಡಿದ ಮೇಲೆ ಅವರು ನೋಡಬೇಕಾದ ಜಾಗಗಳು ಮುಖ್ಯ ಬೋರ್ಡ್‌ನ ನ್ಯೂಟ್ರಲ್ ಪಟ್ಟಿಯ ಸ್ಕ್ರೂ, ದಾರಿಯಲ್ಲಿರುವ ಜಂಕ್ಷನ್ ಬಾಕ್ಸ್‌ಗಳು, ಮತ್ತು ಸ್ವಿಚ್ ಬೋರ್ಡ್‌ನ ಒಳಗೆ ನ್ಯೂಟ್ರಲ್ ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಹೋಗುವ ತುಂಡು ತಂತಿಗಳು. ಬಣ್ಣಗೆಟ್ಟ ಹೊದಿಕೆ ಅಥವಾ ಕಪ್ಪಾದ ತಾಮ್ರ ಕಂಡಲ್ಲಿ ಸ್ಕ್ರೂ ಬಿಗಿಗೊಳಿಸಿದರೆ ಸಾಲದು. ಸುಟ್ಟ ಭಾಗವನ್ನು ಕತ್ತರಿಸಿ ಹೊಸದಾಗಿ ಜೋಡಿಸಬೇಕು. ಕೆಲಸ ಮುಗಿದ ಮೇಲೆ ಗೀಸರ್ ಆನ್ ಮಾಡಿ ಮತ್ತೆ ಅಳೆಯಿರಿ, ಮುಖ್ಯ ಬೋರ್ಡಿಗೂ ಪ್ಲಗ್ ಪಾಯಿಂಟಿಗೂ ಅಂತರ ಸುಮಾರು 3 ವೋಲ್ಟ್‌ಗೆ ಬಂದಿರಬೇಕು. ಗೀಸರಿನಂಥ ಹೊರೆಗೆ 2.5 ಚದರ ಮಿ.ಮೀ. ತಂತಿ ಹಾಕಿಸಿದರೆ ಅದೂ 2 ವೋಲ್ಟ್‌ನ ಆಸುಪಾಸಿಗೆ ಇಳಿಯುತ್ತದೆ.

ಪ್ರಶ್ನೆ: ಸ್ವಿಚ್ ಆಫ್ ಇದ್ದರೂ ದೀಪದ ಹೋಲ್ಡರಿನಲ್ಲಿ 87 ವೋಲ್ಟ್ ತೋರಿಸುತ್ತದೆ, ಟೆಸ್ಟರ್ ಮಂದವಾಗಿ ಹೊತ್ತಿಕೊಳ್ಳುತ್ತದೆ. ಎಲ್‌ಇಡಿ ಬಲ್ಬ್ ಹಾಕಿದರೆ ರಾತ್ರಿ ಮಿಣುಕುತ್ತದೆ. ಸ್ವಿಚ್‌ನಲ್ಲಿ ಕರೆಂಟ್ ಸೋರುತ್ತಿದೆಯೇ?

ಉತ್ತರ: ಹೆಚ್ಚಾಗಿ ಇಲ್ಲ. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಒಂದು ಪರೀಕ್ಷೆ ಮಾಡಿಸಲೇಬೇಕು. ಆಫ್ ಆಗಿರುವ ತಂತಿಯೂ ಯಾವಾಗಲೂ ವಿದ್ಯುತ್ ಇರುವ ಇನ್ನೊಂದು ತಂತಿಯೂ ಒಂದೇ ಪೈಪಿನಲ್ಲಿ ಮೀಟರುಗಟ್ಟಲೆ ಒತ್ತಾಗಿ ಸಾಗುವಾಗ, ನಡುವಿನ ಹೊದಿಕೆಯೊಂದಿಗೆ ಸೇರಿ ಅವೆರಡೂ ಒಂದು ಸಣ್ಣ ಕೆಪಾಸಿಟರ್ ಆಗುತ್ತವೆ. ಅದು ಒಂದು ನ್ಯಾನೊಫ್ಯಾರಡ್‌ನಷ್ಟಿದ್ದರೆ 50 ಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 32 ಲಕ್ಷ ಓಮ್. ಡಿಜಿಟಲ್ ಮೀಟರಿನ ಒಳಪ್ರತಿರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್ ಇರುವುದರಿಂದ, ಇಷ್ಟು ದೊಡ್ಡ ತಡೆಯ ಆಚೆಗಿನ ವೋಲ್ಟೇಜಿನಲ್ಲೂ ದೊಡ್ಡ ಪಾಲು ಮೀಟರಿಗೆ ಬಂದುಬಿಡುತ್ತದೆ. ಮೀಟರ್ ಸುಳ್ಳು ಹೇಳುತ್ತಿಲ್ಲ. ವೋಲ್ಟೇಜ್ ನಿಜವಾಗಿಯೂ ಅಲ್ಲಿದೆ, ಆದರೆ ಅದರ ಹಿಂದೆ ಮೈಕ್ರೊ ಆಂಪಿಯರುಗಳಷ್ಟು ಕರೆಂಟ್ ಮಾತ್ರ ಇದೆ. ಎಲ್‌ಇಡಿ ಬಲ್ಬ್‌ನ ಒಳಗಿನ ಕೆಪಾಸಿಟರ್ ಆ ಅಲ್ಪ ಕರೆಂಟನ್ನೇ ಕೂಡಿಟ್ಟುಕೊಂಡು ಆಗಾಗ ಬೆಳಗುತ್ತದೆ. ಸ್ವಿಚ್‌ನಲ್ಲಿ ಚಿಕ್ಕ ಇಂಡಿಕೇಟರ್ ದೀಪ ಇದ್ದರೂ ಹೀಗೆಯೇ ಆಗುತ್ತದೆ, ಆ ದೀಪದ ಕರೆಂಟ್ ಬಲ್ಬ್‌ನ ಮೂಲಕವೇ ಹರಿಯಬೇಕು.

ಪರೀಕ್ಷೆ ಇಷ್ಟು. ಕೆಲವು ಮೀಟರುಗಳಲ್ಲಿ ಕಡಿಮೆ ಒಳಪ್ರತಿರೋಧದ ಪ್ರತ್ಯೇಕ ಸ್ಥಾನ ಇರುತ್ತದೆ, ಅದರಲ್ಲಿ ಪ್ರತಿರೋಧ ಕೆಲವೇ ಸಾವಿರ ಓಮ್. 3,000 ಓಮ್ ಎಂದಿಟ್ಟುಕೊಂಡರೆ ಮೇಲಿನ ಉದಾಹರಣೆಯ ತಂತಿಯಲ್ಲಿ ಅರ್ಧ ವೋಲ್ಟ್ ಕೂಡ ನಿಲ್ಲುವುದಿಲ್ಲ. 87 ವೋಲ್ಟ್ ಹೀಗೆ ಸೊನ್ನೆಯ ಹತ್ತಿರ ಕುಸಿದರೆ ಅದು ಪಕ್ಕದ ತಂತಿಯ ಪ್ರಭಾವ. ಕುಸಿಯದಿದ್ದರೆ ಸ್ವಿಚ್ ಅಥವಾ ತಂತಿಯ ಹೊದಿಕೆ ಕೆಟ್ಟಿದೆ ಎಂದೇ ಭಾವಿಸಿ. ಅರ್ಥಿಂಗ್‌ಗೆ ಹೋಲಿಸಿ ಅಳೆದಾಗ ಪೂರ್ತಿ 230 ವೋಲ್ಟ್ ಬಂದು, ಕಡಿಮೆ ಪ್ರತಿರೋಧದಲ್ಲೂ ಅದು ಹಾಗೇ ನಿಂತರೆ, ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಜೋಡಿಸಿರುವ ಸಾಧ್ಯತೆ ಬಹಳ. ಬಲ್ಬ್ ಬದಲಿಸುವಾಗ ಜೀವಕ್ಕೇ ಅಪಾಯವಾದ ತಪ್ಪದು, ತಡಮಾಡದೆ ಸರಿಪಡಿಸಿಸಿ. ನಿಯಾನ್ ಟೆಸ್ಟರನ್ನು ಮಾತ್ರ ನಂಬಿ ಈ ವ್ಯತ್ಯಾಸವನ್ನು ನಿರ್ಧರಿಸಲಾಗದು, ಏಕೆಂದರೆ ಅದು ಮಿಲಿಆಂಪಿಯರಿಗಿಂತ ಕಡಿಮೆ ಕರೆಂಟಿಗೇ ಹೊತ್ತಿಕೊಳ್ಳುತ್ತದೆ. ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಳ್ಳುವಾಗ ಮೊದಲು ಖಂಡಿತ ವಿದ್ಯುತ್ ಇರುವ ಜಾಗದಲ್ಲಿ ಮೀಟರನ್ನು ಪರೀಕ್ಷಿಸಿ, ನಂತರ ಕೆಲಸದ ಜಾಗವನ್ನು ಅಳೆದು, ಮತ್ತೆ ಮೊದಲಿನ ಜಾಗಕ್ಕೆ ಬಂದು ಮೀಟರ್ ಸರಿಯಾಗಿಯೇ ಇದೆ ಎಂದು ನೋಡಿ.

ಪ್ರಶ್ನೆ: ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಇಸ್ತ್ರಿಪೆಟ್ಟಿಗೆಯ ವೈರನ್ನು ಹಿಡಿದರೆ 0.00 ತೋರಿಸುತ್ತದೆ. ಇಸ್ತ್ರಿಪೆಟ್ಟಿಗೆ ಚೆನ್ನಾಗಿ ಬಿಸಿಯಾಗುತ್ತಿದೆ.

ಉತ್ತರ: ಮೀಟರ್ ಸರಿಯಾಗಿಯೇ ಇದೆ. ಅದು ಅಳೆಯುವುದು ದವಡೆಯ ಮೂಲಕ ಹಾದುಹೋಗುವ ಎಲ್ಲ ತಂತಿಗಳ ಒಟ್ಟು ಕಾಂತಕ್ಷೇತ್ರವನ್ನು. ವೈರಿನ ಒಳಗೆ ಫೇಸ್‌ನಲ್ಲಿ ಒಂದು ದಿಕ್ಕಿಗೆ ಎಷ್ಟು ಕರೆಂಟ್ ಹೋಗುತ್ತದೋ ಅಷ್ಟೇ ನ್ಯೂಟ್ರಲ್‌ನಲ್ಲಿ ಎದುರು ದಿಕ್ಕಿಗೆ ಬರುತ್ತದೆ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಇಸ್ತ್ರಿಪೆಟ್ಟಿಗೆ ಕರೆಂಟನ್ನು ತಿಂದುಹಾಕುತ್ತದೆ, ನ್ಯೂಟ್ರಲ್‌ನಲ್ಲಿ ಕಡಿಮೆ ಬರುತ್ತದೆ ಎಂದು ಹಲವು ಪತ್ರಗಳಲ್ಲಿ ಓದಿದ್ದೇನೆ, ಹಾಗಲ್ಲ. ಉಪಕರಣ ತೆಗೆದುಕೊಳ್ಳುವುದು ಶಕ್ತಿಯನ್ನು, ಕರೆಂಟ್ ಕಡಿಮೆಯಾಗದೆ ಹಿಂದಿರುಗುತ್ತದೆ. ಅಳೆಯಬೇಕಾದರೆ ಒಂದೇ ತಂತಿಯನ್ನು ದವಡೆಯೊಳಗೆ ಹಿಡಿಯಬೇಕು. ಅದಕ್ಕಾಗಿ ವೈರಿನ ಹೊರ ಹೊದಿಕೆಯನ್ನು ಸೀಳಬೇಡಿ. ಒಳ ತಂತಿಗಳನ್ನು ಬೇರೆ ಬೇರೆಯಾಗಿ ಹೊರತಂದು ಈ ಅಳತೆಗೆಂದೇ ತಯಾರಿಸಿದ ಅಡಾಪ್ಟರ್ ಸಿಗುತ್ತದೆ. ಕರೆಂಟ್ ತೀರ ಕಡಿಮೆಯಿದ್ದರೆ ಅದೇ ತಂತಿಯನ್ನು ದವಡೆಯೊಳಗೆ ಹತ್ತು ಸುತ್ತು ಹಾಯಿಸಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಬಹುದು.

ಎರಡೂ ತಂತಿ ಒಟ್ಟಿಗೆ ಹಿಡಿದಾಗ ಬರುವ ಸೊನ್ನೆಗೂ ಬೆಲೆಯಿದೆ. ಸೊನ್ನೆ ಬಾರದಿದ್ದರೆ, ಹೋದ ಕರೆಂಟಿನ ಒಂದು ಭಾಗ ಬೇರೆ ದಾರಿಯಿಂದ, ಅಂದರೆ ಅರ್ಥಿಂಗ್ ಅಥವಾ ಒದ್ದೆ ಗೋಡೆ ಅಥವಾ ಮನುಷ್ಯನ ದೇಹದ ಮೂಲಕ ಹೋಗುತ್ತಿದೆ ಎಂದಾಯಿತು. ಆರ್‌ಸಿಸಿಬಿ ಇದೇ ವ್ಯತ್ಯಾಸವನ್ನು ಗಮನಿಸುತ್ತದೆ, ಮನೆಗಳಲ್ಲಿ ಬಳಸುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಸಾಧಾರಣ ಕ್ಲ್ಯಾಂಪ್ ಮೀಟರಿನ ಕೊನೆಯ ಅಂಕಿಯೇ 10 ಮಿಲಿಆಂಪಿಯರ್ ಆಗಿರುವುದರಿಂದ ಸೋರಿಕೆ ಹುಡುಕಲು ಅದು ಸಾಲದು, ಮಿಲಿಆಂಪಿಯರುಗಳನ್ನೇ ಅಳೆಯುವ ಲೀಕೇಜ್ ಕ್ಲ್ಯಾಂಪ್ ಬೇಕು.

ಪ್ರಶ್ನೆ: 65 ವಾಟ್ ಎಂದು ಬರೆದಿರುವ ಲ್ಯಾಪ್‌ಟಾಪ್ ಚಾರ್ಜರ್ ಪೂರ್ತಿ ಹೊರೆಯಲ್ಲಿ 0.55 ಆಂಪಿಯರ್ ಎಳೆಯುತ್ತದೆ. 230ರಿಂದ ಗುಣಿಸಿದರೆ 126 ವಾಟ್ ಬರುತ್ತದೆ. ಬಿಲ್ ಯಾವುದಕ್ಕೆ?

ಉತ್ತರ: ಮನೆಯ ಎನರ್ಜಿ ಮೀಟರ್ ಯೂನಿಟ್ ಲೆಕ್ಕ ಹಾಕುವುದು ವಾಟ್‌ನಲ್ಲಿ. ವೋಲ್ಟ್ ಮತ್ತು ಆಂಪಿಯರಿನ ಗುಣಲಬ್ಧವು ವೋಲ್ಟ್-ಆಂಪಿಯರ್. ಅದು ವಾಟ್‌ಗೆ ಸಮನಾಗುವುದು ಹೀಟರಿನಂಥ ಬರೀ ಪ್ರತಿರೋಧದ ಹೊರೆಗಳಲ್ಲಿ ಮಾತ್ರ. ವಾಟನ್ನು ವೋಲ್ಟ್-ಆಂಪಿಯರಿನಿಂದ ಭಾಗಿಸಿದರೆ ಬರುವುದು ಪವರ್ ಫ್ಯಾಕ್ಟರ್. ಅದನ್ನು ತಿದ್ದುವ ಸರ್ಕಿಟ್ ಇಲ್ಲದ ಚಾರ್ಜರ್, ವೋಲ್ಟೇಜ್ ತುದಿಗೇರುವ ಕ್ಷಣದಲ್ಲಿ ಮಾತ್ರ ಕಿರಿದಾದ, ಎತ್ತರವಾದ ಮಿಡಿತವಾಗಿ ಕರೆಂಟ್ ಎಳೆದು, ಉಳಿದ ಸಮಯವೆಲ್ಲ ಸುಮ್ಮನಿರುತ್ತದೆ. ಅದರ ಪವರ್ ಫ್ಯಾಕ್ಟರ್ 0.5ರಿಂದ 0.6ರ ಸುಮಾರಿಗೆ ಇರುತ್ತದೆ, ನಿಮ್ಮ ಅಂಕಿಗಳು ಅದಕ್ಕೆ ಹೊಂದುತ್ತವೆ. ಚಾರ್ಜರ್ ಒಳಗೇ ಶಾಖವಾಗಿ ಹೋಗುವುದನ್ನೂ ಸೇರಿಸಿ ಬಿಲ್‌ಗೆ ಬರುವುದು 65 ವಾಟ್‌ಗಿಂತ ತುಸು ಹೆಚ್ಚು.

ನಿಮ್ಮ ಮೀಟರ್ ಟ್ರೂ ಆರ್‌ಎಂಎಸ್ ಬಗೆಯದು, ಅಂದರೆ ಅಲೆಯ ಆಕಾರ ಹೇಗಿದ್ದರೂ ನಿಜವಾದ ಆರ್‌ಎಂಎಸ್ ಮೌಲ್ಯ ಅಳೆಯುವಂಥದು ಎಂದು ಬರೆದಿದ್ದೀರಿ, ಹಾಗಾಗಿ 0.55 ಎಂಬುದನ್ನು ನಂಬಬಹುದು. ಅಗ್ಗದ ಮೀಟರುಗಳು ಅಲೆಯ ಸರಾಸರಿಯನ್ನು ಅಳೆದು, ಅದು ಶುದ್ಧ ಸೈನ್ ಅಲೆ ಎಂಬ ಊಹೆಯ ಮೇಲೆ 1.11ರಿಂದ ಗುಣಿಸಿ ತೋರಿಸುತ್ತವೆ. ಹೀಟರಿಗೆ ಇದು ಸರಿಹೋಗುತ್ತದೆ. ಚಾರ್ಜರ್, ಎಲ್‌ಇಡಿ ದೀಪ, ಡಿಮ್ಮರ್‌ಗಳ ಮಿಡಿತದ ಕರೆಂಟನ್ನು ಅವು ನಿಜಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ತೋರಿಸುವುದೂ ಉಂಟು. ತಂತಿ ಬಿಸಿಯಾಗುವುದು ನಿಜವಾದ ಆರ್‌ಎಂಎಸ್ ಕರೆಂಟಿನಿಂದ, ಆದ್ದರಿಂದ ಇಂಥ ಉಪಕರಣಗಳು ಹೆಚ್ಚಿರುವ ಕಡೆ ಕಡಿಮೆ ತೋರಿಸುವ ಮೀಟರ್ ಮೋಸಗೊಳಿಸುತ್ತದೆ.

ಪ್ರಶ್ನೆ: 16 ಆಂಪಿಯರ್ ಎಂಸಿಬಿಯ ತಂತಿಯಲ್ಲಿ ಅರ್ಧ ಗಂಟೆಯಿಂದ 18 ಆಂಪಿಯರ್ ಹರಿಯುತ್ತಿದೆ, ಬೀಳುತ್ತಿಲ್ಲ. ಬದಲಿಸಬೇಕೇ?

ಉತ್ತರ: ಎಂಸಿಬಿ ಸರಿಯಾಗಿದೆ. ಮಾನಕದ ಪ್ರಕಾರ ಅದು ತನ್ನ ನಿಗದಿತ ಕರೆಂಟಿನ 1.13 ಪಟ್ಟನ್ನು, ಅಂದರೆ 18.1 ಆಂಪಿಯರನ್ನು, ಒಂದು ಗಂಟೆಯವರೆಗೆ ಬೀಳದೆ ಹೊರಬೇಕು, 1.45 ಪಟ್ಟು, ಅಂದರೆ 23.2 ಆಂಪಿಯರ್ ಹರಿದರೆ ಒಂದು ಗಂಟೆಯ ಒಳಗೆ ಬೀಳಬೇಕು. ಕ್ಷಣಮಾತ್ರದಲ್ಲಿ ಬೀಳುವುದು ಶಾರ್ಟ್ ಸರ್ಕಿಟ್‌ನಂಥ ದೊಡ್ಡ ಕರೆಂಟಿಗೆ, ಸಿ ಬಗೆಯದರಲ್ಲಿ 5ರಿಂದ 10 ಪಟ್ಟಿಗೆ. ಸರಿಪಡಿಸಬೇಕಾದದ್ದು ಹೊರೆಯನ್ನು. ಎರಡು ದೊಡ್ಡ ಉಪಕರಣಗಳನ್ನು ಒಂದೇ ಸರ್ಕಿಟ್‌ನಲ್ಲಿ ಒಟ್ಟಿಗೆ ಓಡಿಸಬೇಡಿ. ಮುಂದೊಂದು ದಿನ ಎಂಸಿಬಿ ಪದೇ ಪದೇ ಬೀಳತೊಡಗಿದರೆ ತಂತಿ ಬದಲಿಸದೆ 20 ಅಥವಾ 25 ಆಂಪಿಯರಿನದನ್ನು ಹಾಕಿಸಲೂ ಬೇಡಿ, ಏಕೆಂದರೆ ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು.

ಪ್ರಶ್ನೆ: ಮೂರು ಫೇಸ್ ಸಂಪರ್ಕವಿರುವ ಮನೆ ನಮ್ಮದು. ಕೆಲವು ದಿನಗಳಿಂದ ಒಂದು ಕೋಣೆಯಲ್ಲಿ 190, ಇನ್ನೊಂದರಲ್ಲಿ 268 ವೋಲ್ಟ್ ಬರುತ್ತಿದೆ. ಒಂದು ಕಡೆ ಹೀಟರ್ ಹಾಕಿದರೆ ಇನ್ನೊಂದು ಕಡೆಯ ದೀಪ ಹೆಚ್ಚು ಪ್ರಕಾಶಮಾನವಾಗುತ್ತದೆ. ಸ್ಟೆಬಿಲೈಸರ್ ಹಾಕಿಸಬೇಕೇ?

ಉತ್ತರ: ಸ್ಟೆಬಿಲೈಸರ್ ಬೇಡ. ಇದನ್ನು ಓದಿದ ಕೂಡಲೇ ಮುಖ್ಯ ಸ್ವಿಚ್ ಆಫ್ ಮಾಡಿ, ಸರಬರಾಜಿನವರಿಗೆ ತುರ್ತಾಗಿ ತಿಳಿಸಿ. ಒಂದು ಕಡೆ ಹೊರೆ ಹೆಚ್ಚಿದಾಗ ಇನ್ನೊಂದು ಕಡೆ ವೋಲ್ಟೇಜ್ ಏರುವುದು, ಮೂರೂ ಫೇಸ್‌ಗಳಿಗೆ ಸಾಮಾನ್ಯವಾದ ನ್ಯೂಟ್ರಲ್ ಕಡಿದಿದೆ ಅಥವಾ ಕಡಿಯುವ ಹಂತದಲ್ಲಿದೆ ಎಂಬುದರ ಸ್ಪಷ್ಟ ಗುರುತು. ಸರಬರಾಜು ಸುಮ್ಮನೆ ದುರ್ಬಲವಾಗಿದ್ದರೆ ವೋಲ್ಟೇಜ್ ಇಳಿಯುತ್ತದೆಯೇ ಹೊರತು ಇನ್ನೊಂದು ಕೋಣೆಯಲ್ಲಿ ಏರುವುದಿಲ್ಲ.

ನ್ಯೂಟ್ರಲ್ ಗಟ್ಟಿಯಾಗಿದ್ದಾಗ ಪ್ರತಿ ಫೇಸ್‌ನ ಹೊರೆಗೂ ತನ್ನದೇ 230 ವೋಲ್ಟ್ ಸಿಗುತ್ತದೆ. ನ್ಯೂಟ್ರಲ್ ಕಡಿದಾಗ ಎರಡು ಫೇಸ್‌ಗಳ ಹೊರೆಗಳು ಒಂದರ ಹಿಂದೊಂದು ಸರಣಿಯಾಗಿ, ಫೇಸ್‌ಗಳ ನಡುವಿನ 400 ವೋಲ್ಟನ್ನು ತಮ್ಮ ಪ್ರತಿರೋಧಕ್ಕೆ ತಕ್ಕಂತೆ ಹಂಚಿಕೊಳ್ಳುತ್ತವೆ. ಒಂದು ಫೇಸ್‌ನಲ್ಲಿ 1,000 ವಾಟ್‌ನ ಹೀಟರ್, ಇನ್ನೊಂದರಲ್ಲಿ ಒಟ್ಟು 100 ವಾಟ್‌ನ ದೀಪಗಳು ಮಾತ್ರ ಇದ್ದರೆ, ಹೀಟರಿಗೆ ಸಿಗುವುದು ಸುಮಾರು 36 ವೋಲ್ಟ್, ದೀಪಗಳ ಮೇಲೆ ಬೀಳುವುದು ಸುಮಾರು 364 ವೋಲ್ಟ್. ನಿಮ್ಮ ಮನೆಯಲ್ಲಿ ಇನ್ನೂ 268ರಲ್ಲಿ ನಿಂತಿರುವುದು ನ್ಯೂಟ್ರಲ್ ಪೂರ್ತಿ ಬಿಟ್ಟುಹೋಗಿಲ್ಲ ಎಂಬ ಕಾರಣಕ್ಕೆ ಇರಬಹುದು, ಅಥವಾ ಫೇಸ್‌ಗಳ ಹೊರೆಗಳಲ್ಲಿ ಅಂತರ ಅಷ್ಟೊಂದು ಇಲ್ಲದಿರುವುದಕ್ಕೆ ಇರಬಹುದು. ಎರಡು 120 ವೋಲ್ಟ್ ಫೇಸ್‌ಗಳಿರುವ ವ್ಯವಸ್ಥೆಯಲ್ಲೂ ಇದೇ ಆಗುತ್ತದೆ, ಒಂದು 95ಕ್ಕೆ ಇಳಿದರೆ ಇನ್ನೊಂದು 145ಕ್ಕೆ ಏರುತ್ತದೆ, ಮೊತ್ತ ಮಾತ್ರ 240 ಆಗಿಯೇ ಉಳಿಯುತ್ತದೆ.

ಒಂದೇ ಫೇಸ್ ಇರುವ ಮನೆಯಲ್ಲಿ ನ್ಯೂಟ್ರಲ್ ಕಡಿದರೆ ಚಿತ್ರ ಬೇರೆ. ದೀಪಗಳೆಲ್ಲ ಆರುತ್ತವೆ, ಫೇಸ್ ಮತ್ತು ನ್ಯೂಟ್ರಲ್ ನಡುವೆ ಮೀಟರ್ ಸೊನ್ನೆ ತೋರಿಸಬಹುದು, ಆದರೂ ಆನ್ ಆಗಿರುವ ಯಾವುದಾದರೂ ಉಪಕರಣದ ಮೂಲಕ ನ್ಯೂಟ್ರಲ್ ತಂತಿಗೂ ಫೇಸ್‌ನ ವೋಲ್ಟೇಜ್ ಬಂದು, ಟೆಸ್ಟರ್ ಎರಡೂ ರಂಧ್ರಗಳಲ್ಲಿ ಹೊತ್ತಿಕೊಳ್ಳುತ್ತದೆ. ಆ ಸೊನ್ನೆಯನ್ನು ನೋಡಿ ತಂತಿ ಮುಟ್ಟಿದವರಿಗೆ ಅರ್ಥಿಂಗ್‌ಗೆ ಹೋಲಿಸಿದರೆ ಇರುವುದು 230 ವೋಲ್ಟ್.

ನಿಮ್ಮ ಮನೆಯ ನ್ಯೂಟ್ರಲ್ ಸರಿಪಡಿಸಿದ ಮೇಲೆ, ಸೂಕ್ಷ್ಮವಾದ ಉಪಕರಣಗಳನ್ನೆಲ್ಲ ಪ್ಲಗ್‌ನಿಂದ ತೆಗೆದಿಟ್ಟು, ಒಂದೇ ಫೇಸ್‌ನಲ್ಲಿ ಹೀಟರ್ ಹಾಕಿ, ಮೂರೂ ಫೇಸ್‌ಗಳನ್ನು ನ್ಯೂಟ್ರಲ್‌ಗೆ ಹೋಲಿಸಿ ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಯಿಸಿ. ಹೀಟರ್ ಇರುವ ಫೇಸ್‌ನಲ್ಲಿ ಕೆಲವು ವೋಲ್ಟ್ ಇಳಿದು, ಉಳಿದೆರಡು ಹೆಚ್ಚುಕಡಿಮೆ ಇದ್ದಲ್ಲೇ ನಿಂತರೆ ಉಪಕರಣಗಳನ್ನು ಮತ್ತೆ ಜೋಡಿಸಬಹುದು.